ರೂಪಾಯಿಗೆ ಒಂದಾಣೆ: ‘ಸೆಸ್’ ಎಂಬ ಪದದ ಹಿಂದುಮುಂದು

ಅರಕೇರಿಯ ಯಾವುದೇ ರೈತನ ಉತಾರವನ್ನು ತೆಗೆದು ನೋಡಿರಿ. ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣಗಳನ್ನು ದಾಟಿದ ಮೇಲೆ ಕಂದಾಯದ ಅಂಕಣ ಬರುತ್ತದೆ. ಅಲ್ಲಿ ಭೂಕಂದಾಯ, ಜೂಡಿ, ನೀರಿನ ದರಗಳ ಜೊತೆಗೆ ಸೆಸ್ಸಿಗೂ ಒಂದು ಮನೆ ಮೀಸಲಾಗಿದೆ. ಉತಾರ ತೆಗೆಸುವವರು ಹೆಸರು ಮತ್ತು ಎಕರೆ ಸರಿಯಿದೆಯೇ ಎಂದಷ್ಟೇ ನೋಡಿ ಮಡಚಿ ಇಡುತ್ತಾರೆ. ಆ ಚಿಕ್ಕ ಮನೆಯ ಇಂಗ್ಲಿಷ್ ಪದವು ಎಲ್ಲಿಂದ ಬಂದಿತು, ಅದಕ್ಕೂ ನಮ್ಮ ಹಳ್ಳಿಯ ಶಾಲೆಗಳಿಗೂ ಏನು ಸಂಬಂಧ ಎಂಬುದನ್ನು ಬಲ್ಲವರು ಕಡಿಮೆ. ಮಾಸ್ತರಿಕೆ ಮಾಡಿದವನಿಗೆ ಈ ಸಂಬಂಧ ಮುಖ್ಯವೆನಿಸುವುದು ಸಹಜವಷ್ಟೆ.

‘ಸೆಸ್’ ಎಂಬುದು ಸ್ವತಂತ್ರ ಪದವಲ್ಲ. ‘ಅಸೆಸ್’ ಎಂಬುದರ ತಲೆ ಹಾರಿ ಉಳಿದ ಬಾಲ. ‘ಅಸೆಸ್’ನ ಮೂಲ ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದರ ಅರ್ಥ ‘ಪಕ್ಕದಲ್ಲಿ ಕುಳಿತುಕೊಳ್ಳುವುದು’. ನ್ಯಾಯಾಧೀಶನ ಮಗ್ಗುಲಲ್ಲಿ ಕುಳಿತು, ಯಾರು ಎಷ್ಟು ತೆರಬೇಕೆಂದು ಗೊತ್ತುಮಾಡುವವನ ಕೆಲಸದಿಂದ ಈ ಪದ ಹುಟ್ಟಿತು. ಹೀಗಾಗಿ ‘ಎಸ್’ ಅಕ್ಷರದಿಂದ ಬರೆಯಬೇಕಾಗಿದ್ದ ‘ಸೆಸ್’ ಅನ್ನು ‘ಸಿ’ ಅಕ್ಷರದಿಂದ ಬರೆಯುವ ರೂಢಿ ಬಿದ್ದು, ಅದೇ ಸ್ಥಿರವಾಯಿತು. (ಕೊಳಚೆಗುಂಡಿಗೆ ಹೇಳುವ ‘ಸೆಸ್‌ಪೂಲ್’ಗೂ ಇದಕ್ಕೂ ನಂಟಿಲ್ಲ. ತೆರಿಗೆ ಕಟ್ಟುವವರು ಇದೆಯೆಂದು ನಂಬಿದರೆ ಅದು ಅವರ ಇಷ್ಟ!) ಹದಿನಾರನೆಯ ಶತಮಾನದ ಐರ್ಲೆಂಡಿನಲ್ಲಿ ಇಂಗ್ಲಿಷರ ದಂಡಿಗೆ ಸರಕಾರ ಗೊತ್ತುಮಾಡಿದ ಬೆಲೆಗೆ ದವಸಧಾನ್ಯ ಒದಗಿಸುವ ಕಡ್ಡಾಯಕ್ಕೆ ‘ಸೆಸ್’ ಎನ್ನುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ ಅದು ಭೂಮಿಯ ತೆರಿಗೆಯ ಹೆಸರಾಯಿತು. ಇಂಗ್ಲೆಂಡಿನಲ್ಲಿ ಮಾತ್ರ ಸ್ಥಳೀಯ ತೆರಿಗೆಗೆ ‘ರೇಟ್’ ಎಂಬ ಪದವೇ ಗಟ್ಟಿಯಾಗಿ, ‘ಸೆಸ್’ ಮೂಲೆಗೆ ಸರಿಯಿತು.

ಇಲ್ಲಿಯವರೆಗೆ ಆ ಪದಕ್ಕೆ ‘ಗೊತ್ತುಮಾಡಿದ ಹೊರೆ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ‘ಇಂಥ ಕೆಲಸಕ್ಕೆಂದೇ ಎತ್ತಿದ ಹಣ’ ಎಂಬ ಅರ್ಥ ಅದಕ್ಕೆ ಬೇರೂರಿದ್ದು ಹಿಂದುಸ್ಥಾನದಲ್ಲಿ.

ನಮ್ಮ ಸೀಮೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಜಿಲ್ಲೆಯ ಹೆಸರು ಕಲಾದಗಿ. ಕಚೇರಿ ವಿಜಾಪುರಕ್ಕೆ ಬಂದದ್ದು 1885ರಲ್ಲಿ. 1863ರ ಸುಮಾರಿಗೆ ಮುಂಬಯಿ ಸರಕಾರವು ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆ ಹೆಚ್ಚಿಗೆ ಎತ್ತತೊಡಗಿತು. 1869ರ ಲೋಕಲ್ ಫಂಡ್ಸ್ ಕಾಯಿದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಹದಿನಾರಾಣೆಗೆ ಒಂದಾಣೆಯೆಂದರೆ ಇಂದಿನ ಲೆಕ್ಕದಲ್ಲಿ ನೂರಕ್ಕೆ ಆರೂಕಾಲು. ಅದರಲ್ಲಿ ಎರಡು ಪಾಲು ರಸ್ತೆ, ಬಾವಿ ಮೊದಲಾದ ಕೆಲಸಗಳಿಗೆ. ಮೂರನೆಯ ಪಾಲು ಶಾಲೆಗಳಿಗೆ. ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿಯುತ್ತಿದ್ದ ಕಾಲವದು. ಅವರಂಥವರ ಉತ್ಸಾಹವನ್ನು ನಾವು ನೆನೆಯುತ್ತೇವೆ, ನೆನೆಯಲೂ ಬೇಕು. ಆದರೆ ಮಾಸ್ತರನ ಪಗಾರಕ್ಕೆ ಆಧಾರವಾದ ಆ ಒಂದಾಣೆಯನ್ನು, ಅದನ್ನು ಕುಲಕರ್ಣಿಯ ಮುಂದೆ ಎಣಿಸಿ ಇಟ್ಟ ಒಕ್ಕಲಿಗನನ್ನು ನೆನೆಯುವವರು ಅಪರೂಪ. ಜೋಳ ಬಾರದ ವರ್ಷವೂ ತನ್ನ ಮಗನನ್ನು ಶಾಲೆಗೆ ಕಳಿಸಲಾಗದೆ ದನ ಕಾಯಲು ಅಟ್ಟಿದವನೇ ಆ ಶಾಲೆಯ ಖರ್ಚನ್ನು ಹೊತ್ತಿದ್ದನು.

ಈ ಅನ್ಯಾಯ ಆಗಲೇ ಕೆಲವರ ಕಣ್ಣಿಗೆ ಬಿದ್ದಿತ್ತು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಜೋತಿರಾವ ಫುಲೆಯವರು, ರೈತರ ಬೆವರಿನಿಂದ ಬಂದ ಹಣ ಮೇಲುವರ್ಗದವರ ಉಚ್ಚ ಶಿಕ್ಷಣಕ್ಕೆ ವ್ಯಯವಾಗುತ್ತಿದೆಯೆಂದು ಕಟುವಾಗಿ ಹೇಳಿದರು. ಹಳ್ಳಿಯ ಸೆಸ್ಸಿನ ಹಣ ಪೇಟೆಯ ಶಾಲೆಗಳಿಗೆ ಹರಿಯುತ್ತಿದೆಯೆಂಬ ದೂರನ್ನು ಆಯೋಗವೂ ಪರಿಗಣಿಸಿ, ಎರಡರ ನಿಧಿಗಳನ್ನು ಬೇರ್ಪಡಿಸಬೇಕೆಂದು ಸೂಚಿಸಿತು. 1884ರ ಕಾಯಿದೆಯಿಂದ ಜಿಲ್ಲಾ ಮತ್ತು ತಾಲೂಕಾ ಲೋಕಲ್ ಬೋರ್ಡುಗಳು ಬಂದವು. ‘ಬೋರ್ಡ್ ಸಾಲಿ’ ಎಂಬ ಮಾತು ಹಿರಿಯರ ಬಾಯಲ್ಲಿ ಬಹುಕಾಲ ಉಳಿದದ್ದು ಹಾಗೆ.

ಪದ ಹೊಸದಾದರೂ ಪದ್ಧತಿ ಹೊಸದಲ್ಲ. ಇದೇ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಇಳಿದುಕೊಳ್ಳಲು 27 ಮನೆಗಳಿದ್ದವು. ರಾಜನ ಕಡೆಯ ಭೂದಾನದ ಮಾತು ಹಾಗಿರಲಿ. ನನ್ನನ್ನು ಹಿಡಿದು ನಿಲ್ಲಿಸುವುದು ಊರವರ ಒಪ್ಪಂದ. ಮದುವೆಯಾದಾಗ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯವನ್ನು ಶಾಲೆಗೆ ಕೊಡಬೇಕೆಂದು ಗೊತ್ತಾಯಿತು. ಆ ಊರಿನ ಹಳೆಯ ಹೆಸರು ಪಾವಿಟ್ಟಗೆ; ಶಾಲೆಯ ಪಾವಿಟ್ಟಗೆಯೇ ಸಾಲೋಟಗಿಯಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಕಟ್ಟುವವನ ಕಣ್ಣೆದುರಿಗೇ ಶಾಲೆ ಇತ್ತು. ಕೊಟ್ಟದ್ದು ಎಲ್ಲಿಗೆ ಹೋಯಿತೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ತೆರಿಗೆ ಬೇರೆ, ಶುಲ್ಕ ಬೇರೆ ಎಂಬ ವಿವೇಚನೆ ನಮ್ಮ ಸರ್ವೋಚ್ಚ ನ್ಯಾಯಾಲಯದಲ್ಲಿ ಸ್ಪಷ್ಟವಾದದ್ದು 1954ರಲ್ಲಿ, ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ. ತೆರಿಗೆ ಕೊಟ್ಟವನು ಅದಕ್ಕೆ ಪ್ರತಿಯಾಗಿ ಇಂಥದೇ ಪ್ರಯೋಜನ ಬೇಕೆಂದು ಕೇಳಲಾರ. ಶುಲ್ಕ ಕೊಟ್ಟವನಿಗೆ ವಿಶೇಷ ಸೇವೆಯೊಂದು ಸಲ್ಲಬೇಕು. ಸೆಸ್ ಈ ಎರಡರ ನಡುವಿನ ಹೊಸ್ತಿಲ ಮೇಲೆ ನಿಂತಿದೆ. ಎತ್ತುವಾಗ ತೆರಿಗೆಯಂತೆ ಕಡ್ಡಾಯ, ಆದರೆ ಹೆಸರಿನಲ್ಲಿಯೇ ಒಂದು ಮಾತು ಕೊಟ್ಟಿರುತ್ತದೆ. ‘ಮನೆಪಟ್ಟಿ’ ಎಂಬಲ್ಲಿ ಮೊದಲ ಪದ ಯಾವುದರ ಮೇಲೆ ಎತ್ತಿದ್ದು ಎಂಬುದನ್ನು ಹೇಳಿದರೆ, ‘ಶಿಕ್ಷಣ ಸೆಸ್’ ಎಂಬಲ್ಲಿ ಯಾವುದಕ್ಕಾಗಿ ಎತ್ತಿದ್ದು ಎಂಬುದನ್ನು ಹೇಳುತ್ತದೆ. ಪತ್ರಿಕೆಗಳು ಬಳಸುವ ‘ಉಪಕರ’ ಎಂಬ ಅನುವಾದದಲ್ಲಿ ಈ ವ್ಯತ್ಯಾಸ ಮರೆಯಾಗುತ್ತದೆಂಬುದು ನನ್ನ ಅಭಿಪ್ರಾಯ. ಕರದ ಮೇಲೊಂದು ಕರ ಎಂಬ ಅರ್ಥ ‘ಸರ್‌ಚಾರ್ಜ್’ ಎಂಬುದಕ್ಕೆ ಹೊಂದೀತು; ಸರ್‌ಚಾರ್ಜಿನ ಹಣಕ್ಕೆ ಗೊತ್ತಾದ ದಾರಿಯಿಲ್ಲ.

ಕೇಂದ್ರ ಸರಕಾರ 2004ರಲ್ಲಿ ಶೇ. 2ರಷ್ಟು ಶಿಕ್ಷಣ ಸೆಸ್ ಹಾಕಿತು. ಪ್ರಾಥಮಿಕ ಶಿಕ್ಷಣಕ್ಕಾಗಿ ಆ ಹಣಕ್ಕೊಂದು ಪ್ರತ್ಯೇಕ ನಿಧಿಯೂ ಆಯಿತು. 2007ರಲ್ಲಿ ಪ್ರೌಢ ಹಾಗೂ ಉನ್ನತ ಶಿಕ್ಷಣಕ್ಕೆಂದು ಮತ್ತೆ ಶೇ. 1 ಸೇರಿತು, ಅದಕ್ಕೆ ಮಾತ್ರ ನಿಧಿಯೇ ಇರಲಿಲ್ಲ. ಮಹಾಲೇಖಪಾಲರ ವರದಿಯಂತೆ 2016-17ರ ವರೆಗೆ 83,497 ಕೋಟಿ ರೂಪಾಯಿ ಹೀಗೆ ಸಂಗ್ರಹವಾಗಿತ್ತು. ನಿಧಿಗೆ ಮಂತ್ರಿಮಂಡಲದ ಒಪ್ಪಿಗೆ ದೊರೆತದ್ದು 2017ರ ಆಗಸ್ಟಿನಲ್ಲಿ. 2018ರಲ್ಲಿ ಎರಡನ್ನೂ ಕೂಡಿಸಿ, ಆರೋಗ್ಯವನ್ನೂ ಸೇರಿಸಿ, ಆದಾಯ ತೆರಿಗೆಯ ಮೇಲೆ ಶೇ. 4 ಮಾಡಲಾಯಿತು. ಸೆಸ್ ಹಾಕುವುದರಲ್ಲಿ ಕೇಂದ್ರಕ್ಕೆ ಇನ್ನೊಂದು ಅನುಕೂಲವಿದೆ: 2000ದ 80ನೆಯ ತಿದ್ದುಪಡಿಯ ಬಳಿಕ ಸಂವಿಧಾನದ 270ನೆಯ ವಿಧಿಯಂತೆ ಈ ಹಣವನ್ನು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾಗಿಲ್ಲ. ಕರ್ನಾಟಕದ ದೂರುಗಳಲ್ಲಿ ಇದೂ ಒಂದು, ದೂರು ಸಕಾರಣವಾದದ್ದೇ.

ಆದರೆ ನಮ್ಮ ರಾಜ್ಯದ ಅಂಗಳವೂ ಅಷ್ಟು ಸ್ವಚ್ಛವಾಗಿಲ್ಲ. ಊರುಗಳಲ್ಲಿ ಮನೆಪಟ್ಟಿಯ ಜೊತೆಗೆ ನೂರಕ್ಕೆ 15ರಂತೆ ಆರೋಗ್ಯ ಕರ, ಆರರಂತೆ ಗ್ರಂಥಾಲಯ ಕರ, ಮೂರರಂತೆ ಭಿಕ್ಷುಕರ ಕರ ಸೇರುತ್ತವೆ. ಇವೆಲ್ಲ ಸೆಸ್ಸುಗಳೇ. ಗ್ರಂಥಾಲಯ ಕರ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಬಂದದ್ದು. ಆ ಆರು ಪೈಸೆ ಹೆಚ್ಚುಕಡಿಮೆ ಹಳೆಯ ಒಂದಾಣೆಯ ತೂಕದ್ದೇ ಆಗಿರುವುದು ಒಂದು ಚೋದ್ಯ. ಜನರಿಂದ ಎತ್ತಿದ ಈ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಪೂರ್ತಿಯಾಗಿ ಮುಟ್ಟಿಸುವುದಿಲ್ಲವೆಂಬ ದೂರು ಬಹಳ ವರ್ಷಗಳಿಂದಲೂ ಇದೆ. ಮುಂದಿನ ಸಲ ಮನೆಪಟ್ಟಿ ಕಟ್ಟಿದಾಗ ಪಾವತಿಯ ಆ ಸಾಲನ್ನೊಮ್ಮೆ ಓದಿ, ನಿಮ್ಮೂರಿನ ವಾಚನಾಲಯದ ಬಾಗಿಲವರೆಗೆ ಹೋಗಿ ಬನ್ನಿರಿ. ಅದು ತೆರೆದಿದ್ದರೆ ಹೊಸ ಪುಸ್ತಕಗಳು ಯಾವ ವರ್ಷದಲ್ಲಿ ಬಂದವೆಂದು ಕೇಳಿರಿ.