ಒಂದೇ ಸರೋವರ, ಮೂರು ಹೆಸರು

ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಮನೆ ಮುಂದೇನೇ ಕೆರೆ ಇದೆ. ನೀರಿಗೆ ಕಾಲಿಟ್ಟ ತಕ್ಷಣ ನೀವು ಪಕ್ಕದ ದೇಶಕ್ಕೆ ಹೋದಂಗೆ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಿಕೊಳ್ತೀರಾ?

ತಾಂಜಾನಿಯಾದ ಮೀನುಗಾರರಿಗೆ ಇಂಥದ್ದೇ ಮಾತು ಹೇಳಲಾಗ್ತಿದೆ. ಆಫ್ರಿಕಾದ ಮೂರನೇ ಅತಿದೊಡ್ಡ ಸರೋವರ ಅದು. ಉದ್ದ ಸುಮಾರು 580 ಕಿಲೋಮೀಟರ್, ಅಂದ್ರೆ ಬೆಂಗಳೂರಿಂದ ಹೈದರಾಬಾದ್‌ಗೆ ರಸ್ತೆಯಲ್ಲಿ ಹೋದಷ್ಟು. ಆಳ ಸುಮಾರು 700 ಮೀಟರ್. ಜಗತ್ತಿನ ಬೇರಾವ ಸರೋವರದಲ್ಲೂ ಇಷ್ಟು ಜಾತಿಯ ಮೀನುಗಳಿಲ್ಲ.

1859ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಇಲ್ಲಿಗೆ ಬಂದ. ನಕ್ಷೆಯಲ್ಲಿ 'ಲೇಕ್ ನ್ಯಾಸಾ' ಅಂತ ಹೆಸರು ಕೂತಿತು. ತಮಾಷೆ ಏನು ಗೊತ್ತಾ? ಅಲ್ಲಿನ ಯಾವೋ ಭಾಷೆಯಲ್ಲಿ ನ್ಯಾಸಾ ಅಂದ್ರೇನೇ ಸರೋವರ! ನಮ್ಮಲ್ಲಿ ಒಂದು ಕೆರೆಗೆ 'ಕೆರೆ ಕೆರೆ' ಅಂತ ಹೆಸರಿಟ್ಟಂಗೆ.

ಹೆಸರಿನ ಎಡವಟ್ಟಿಗೆ ನಕ್ಕು ಸುಮ್ಮನಾಗಬಹುದು. ಗಡಿಯ ಎಡವಟ್ಟಿಗೆ ಆಗಲ್ಲ. 1890ರಲ್ಲಿ ಬ್ರಿಟನ್ ಮತ್ತು ಜರ್ಮನಿ ಒಪ್ಪಂದ ಮಾಡಿಕೊಂಡು ಇಲ್ಲಿ ಗೆರೆ ಎಳೆದವು. ಗೆರೆ ಎಲ್ಲಿ ಬಂತು? ಸರೋವರದ ನಡುವೆ ಅಲ್ಲ, ಜರ್ಮನಿಯ ಕಡೆಯ ದಡದ ಮೇಲೆ. ಆ ದಡವೇ ಇಂದಿನ ತಾಂಜಾನಿಯಾ.

1964ರಲ್ಲಿ ಬ್ರಿಟಿಷರ ನ್ಯಾಸಾಲ್ಯಾಂಡ್ ಸ್ವತಂತ್ರವಾಗಿ ಮಲಾವಿ ಆಯ್ತು. ಸರೋವರವೂ ಅವರ ಪಾಲಿಗೆ 'ಮಲಾವಿ' ಆಯ್ತು. ತಾಂಜಾನಿಯಾ ಮಾತ್ರ ಇವತ್ತಿಗೂ ನ್ಯಾಸಾ ಅಂತಲೇ ಕರೆಯುತ್ತೆ. ಮೊಜಾಂಬಿಕ್‌ನವರಿಗೆ ಅದು 'ನಿಯಾಸಾ'. ಮೊಜಾಂಬಿಕ್ ಜೊತೆ ಗಡಿ ಜಗಳ ಇಲ್ಲ. 1954ರಲ್ಲೇ ಬ್ರಿಟನ್ ಮತ್ತು ಪೋರ್ಚುಗಲ್ ಕೂತು, ಆ ಕಡೆ ಗೆರೆಯನ್ನ ನೀರಿನ ನಡುವೆ ತಂದಿದ್ದವು. ಮಲಾವಿಯ ಲಿಕೋಮಾ ದ್ವೀಪ ಮಾತ್ರ ಮೊಜಾಂಬಿಕ್‌ನ ನೀರಿನೊಳಗೆ ಉಳಿದುಕೊಂಡಿತು.

ಅಂದ್ರೆ ಮನಸ್ಸಿದ್ದರೆ ಗೆರೆ ಸರಿಯುತ್ತೆ! ಆದ್ರೆ ಜರ್ಮನಿ ಎಳೆಸಿಕೊಂಡ ಗೆರೆ ಹಾಗೇ ಉಳಿಯಿತು. ಮಲಾವಿ ಹೇಳೋದು: 1890ರ ಒಪ್ಪಂದವೇ ಅಂತಿಮ, ವಸಾಹತು ಕಾಲದ ಗಡಿಗಳನ್ನ ಗೌರವಿಸ್ತೀವಿ ಅಂತ 1964ರಲ್ಲಿ ಕೈರೋದಲ್ಲಿ ಆಫ್ರಿಕಾದ ದೇಶಗಳೇ ಒಪ್ಪಿವೆ. ತಾಂಜಾನಿಯಾ ಹೇಳೋದು: ಎರಡು ದೇಶಗಳ ನಡುವಿನ ನೀರಿಗೆ ಗಡಿ ನಡುವೆ ಇರಬೇಕು. ಎರಡೂ ಕಡೆ ವಾದ ಇದೆ, ನೋಡಿ.

ದಶಕಗಳ ಕಾಲ ಈ ಜಗಳ ಒಮ್ಮೆ ಏಳೋದು, ಒಮ್ಮೆ ತಣ್ಣಗಾಗೋದು. 2011ರ ನಂತರ ಮಲಾವಿ ಇಲ್ಲಿ ತೈಲ ಹುಡುಕೋಕೆ ಅನುಮತಿ ಕೊಟ್ಟ ಮೇಲೆ ಮತ್ತೆ ಬಿಸಿಯಾಯ್ತು. ಮೊಜಾಂಬಿಕ್‌ನ ಮಾಜಿ ಅಧ್ಯಕ್ಷ ಜೋಕಿಂ ಚಿಸಾನೋ ಮಧ್ಯಸ್ಥಿಕೆ ವಹಿಸಿದರು. ಆದ್ರೂ ಗಂಟು ಬಿಚ್ಚಲಿಲ್ಲ.

ಗೆರೆ ಎಳೆದ ಎರಡೂ ಸಾಮ್ರಾಜ್ಯಗಳು ಎಂದೋ ಗಂಟುಮೂಟೆ ಕಟ್ಟಿಕೊಂಡು ಹೋದವು. ತಾಂಜಾನಿಯಾದ ದಡದ ಮೀನುಗಾರ ಮಾತ್ರ ಅಜ್ಜನ ಕಾಲದ ದೋಣಿ ಹಿಡಿದು, ಅಜ್ಜನ ಕಾಲದ ನೀರಿಗೇ ಇಳಿಯುತ್ತಾನೆ. ಆ ನೀರು ಯಾರದ್ದು ಅಂತ ಅವನನ್ನ ಯಾರೂ ಕೇಳಿರಲಿಲ್ಲ.