ಡರ್ಟ್ ಬೈಕ್ ಸಸ್ಪೆನ್ಷನ್: ಮನೆಯಲ್ಲೇ ಸ್ಯಾಗ್ ಅಳೆಯುವುದು

2019ರ ಡಕಾರ್ ರ್ಯಾಲಿ ಮುಗಿಸಿದ ಉಡುಪಿಯ ಕೆ.ಪಿ. ಅರವಿಂದ್ ಅವರಂಥವರಿಗೆ ತಂಡದ ಮೆಕ್ಯಾನಿಕ್ ಇರ್ತಾರೆ; ಉಳಿದವರಿಗೆ ಟೇಪೇ ಗತಿ. ಸವಾರ ಕೂತಾಗ ಸಸ್ಪೆನ್ಷನ್ ಎಷ್ಟು ಇಳಿಯುತ್ತದೋ ಅದೇ ಸ್ಯಾಗ್. ಒಟ್ಟು ಟ್ರಾವೆಲ್‌ನ ಸುಮಾರು ಮೂರನೇ ಒಂದು ಪಾಲು ಇರಬೇಕು. ಹೀರೋ ಎಕ್ಸ್‌ಪಲ್ಸ್ 200ರ ಹಿಂದಿನ ಟ್ರಾವೆಲ್ 170 ಮಿ.ಮೀ.; ಲೆಕ್ಕಕ್ಕೆ 55ರ ಆಸುಪಾಸು.

ಕ್ಲೆಮೆಂಟಿಯ ಎಚ್‌ಡಿಬಿ ಪಾರ್ಕಿಂಗಲ್ಲಿ ಎಣ್ಣೆ ಚೆಲ್ಲುವ ರಿಪೇರಿ ಬೇಡ, ಇದಕ್ಕೆ ಇಬ್ಬರು ಸಾಕು. ಹಿಂದಿನ ಚಕ್ರ ನೆಲ ಬಿಡುವಂತೆ ಎತ್ತಿ, ಆಕ್ಸಲ್‌ನಿಂದ ನೇರ ಮೇಲಿನ ಗುರುತಿಗೆ ಅಳೆಯಿರಿ. ಆಮೇಲೆ ಬೈಕ್ ಇಳಿಸಿ, ಹೆಲ್ಮೆಟ್ಟು ಬೂಟು ಸಮೇತ ಸವಾರ ಗೋಡೆಗೆ ಕೈಯೂರಿ ಕೂತಾಗ ಮತ್ತೆ ಅಳೆಯಿರಿ. ವ್ಯತ್ಯಾಸ ಜಾಸ್ತಿಯಾದರೆ ಪ್ರಿಲೋಡ್ ಏರಿಸಿ, ಕಮ್ಮಿಯಾದರೆ ಇಳಿಸಿ. ಕೊನೆ ಹಂತಕ್ಕೂ ಸರಿಹೋಗದಿದ್ದರೆ ಸ್ಪ್ರಿಂಗೇ ಬದಲಿಸಬೇಕು. ಖರ್ಚು ಅಲ್ಲಿಂದ ಶುರು.

ಊರಲ್ಲಿ ತಮ್ಮ ಓಡಿಸುವ ಬೈಕು ರಜೆಗೆ ಹೋದ ಅಣ್ಣನಿಗೆ ಹೊಂದದಿರೋದು ಇದಕ್ಕೇ, ತೂಕ ಬೇರೆ. ಶಾಕ್ ಮಾತ್ರ ಬಿಚ್ಚಬೇಡಿ: ಒಳಗೆ ಒತ್ತಡದ ನೈಟ್ರೋಜನ್ ಇದ್ದರೆ ಕಣ್ಣಿಗೇ ಅಪಾಯ.