‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದದ ಹಿಂದೆ

ಅಮೆರಿಕದ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಒರಟು ಆಟ ಅದು. ಅಲ್ಲಿನ ದೊಡ್ಡ ಕಾಲೇಜುಗಳ ಪಂದ್ಯಕ್ಕೆ ಲಕ್ಷ ಜನ ಸೇರುವುದುಂಟು. ಟಿಕೆಟ್ಟು, ಟಿ.ವಿ. ಪ್ರಸಾರಗಳಿಂದ ಕೋಟಿಗಟ್ಟಲೆ ಡಾಲರ್ ಹರಿದುಬರುತ್ತದೆ. ಆದರೆ ಆಡುವ ಹುಡುಗರಿಗೆ ನಿಯಮದಂತೆ ಬಹುಕಾಲ ದಕ್ಕಿದ್ದು ವಿದ್ಯಾರ್ಥಿವೇತನ ಮಾತ್ರ. ಹೆಸರಿನಲ್ಲಿ ವೇತನವಿದ್ದರೂ ಅದು ಸಂಬಳವಲ್ಲ. ಹೀಗೇಕೆ?

1955ರಲ್ಲಿ ಕೊಲರಾಡೊ ರಾಜ್ಯದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಎಂಬ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಅಸುನೀಗಿದ. ಕೆಲಸದಲ್ಲಿ ಮಡಿದ ಕಾರ್ಮಿಕನ ಕುಟುಂಬಕ್ಕೆ ಸಲ್ಲುವ ಪರಿಹಾರ ತಮಗೂ ಸಲ್ಲಬೇಕೆಂದು ಪತ್ನಿ ಕೇಳಿದರು. ಆತ ಕಾಲೇಜಿನ ಆಟದ ನೌಕರನಲ್ಲ ಎಂದು 1957ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ಇಂಥ ದಾವೆಗಳ ಭಯದಿಂದಲೇ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದವನ್ನು ರೂಢಿಗೆ ತಂದಿತು. ಆಗ ಅದರ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್ 1995ರ ತಮ್ಮ ಪುಸ್ತಕದಲ್ಲಿ ಇದನ್ನು ಒಪ್ಪಿಕೊಂಡಿದ್ದಾರೆ.

ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಹಣ ಗಳಿಸಲು 2021ರಲ್ಲಿ ಅವಕಾಶವಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಮಾನ್ಯ ಮಾಡಿದ ರಾಜಿಯಂತೆ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜೊಂದಕ್ಕೆ ಸುಮಾರು 2.05 ಕೋಟಿ ಡಾಲರ್.

ಹವ್ಯಾಸಿ ಆಟದ ಮುಸುಕು ಹೀಗೆ ಕಳಚಿತು. ಆದರೆ ಆಟಗಾರ ನೌಕರನೇ ಎಂಬ ಪ್ರಶ್ನೆಯನ್ನು ಆ ರಾಜಿ ಮುಟ್ಟಲಿಲ್ಲ. ಡೆನಿಸನ್‌ನ ಪತ್ನಿ ಕೇಳಿದ್ದು ಆ ಪ್ರಶ್ನೆಯನ್ನೇ.